ಬನ್ನಿಯ ಮರದ ಠೇವಣಿ



ನವರಾತ್ರಿಯ ಒಂಬತ್ತು ದಿನಗಳ ಕಾಲ ಜಗನ್ಮಾತೆಯನ್ನು ಆರಾಧಿಸಿ, ಹತ್ತನೆಯ ದಿನದ ಸಂಜೆ ನಾವು ಒಬ್ಬರಿಗೊಬ್ಬರು ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣವೆಂದು ಹಾರೈಸುತ್ತೇವೆ. ಹಿರಿಯರ ಕಾಲಿಗೆ ಎರಗುತ್ತೇವೆ, ಸರೀಕರನ್ನು ಅಪ್ಪಿಕೊಳ್ಳುತ್ತೇವೆ. ಹುಟ್ಟಿದೂರನ್ನು ಬಿಟ್ಟು ಪುಣೆಯಲ್ಲಿ ನೆಲೆ ನಿಂತ ನಮಗೆ ಈ ಒಂದು ಆಚಾರವನ್ನು ಹೊಸದಾಗಿ ಕಲಿಯಬೇಕಾಗಿ ಬರಲಿಲ್ಲ. ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಬನ್ನಿಯ ಎಲೆ ಹೇಗೋ ಇಲ್ಲಿ ಆಪಟೆಯ ಎಲೆ ಹಾಗೆ. ಅಲ್ಲಿ ಬಂಗಾರವೆಂದುದನ್ನು ಇಲ್ಲಿ ಸೋನೆ ಎನ್ನುತ್ತಾರೆ. ಎಲೆ ಬೇರೆಯಾದರೂ ಭಾವನೆ ಒಂದೇ.

ನಾನು ವಿದ್ವಾಂಸನಲ್ಲ, ಪ್ರವಚನಕಾರನೂ ಅಲ್ಲ. ಬಿ.ಎ. ಪದವಿಯಷ್ಟನ್ನು ಪಡೆದು ಇಪ್ಪತ್ತು ವರುಷಗಳಿಗೂ ಮಿಕ್ಕಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಗುಮಾಸ್ತ. ಸಂಚಿಕೆಯ ಭಕ್ತಿವಿಭಾಗಕ್ಕೆ ಏನಾದರೂ ಬರೆಯಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ, ನನಗೆ ತಿಳಿದಿರುವ ಒಂದೇ ವಿಷಯವನ್ನು ಕುರಿತು ಬರೆಯುವುದು ಲೇಸೆಂದು ತೋರಿತು. ಆ ವಿಷಯ ಠೇವಣಿ. ಬ್ಯಾಂಕಿನಲ್ಲಿ ನಾವು ಕಾಯುವುದು ಹಣವನ್ನೆಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರಿಗೆ ಗೊತ್ತು, ನಾವು ಕಾಯುವುದು ಜನರ ನಂಬಿಕೆಯನ್ನು. ಅದು ಹೋದ ದಿನ ತಿಜೋರಿಯಲ್ಲಿ ಎಷ್ಟಿದ್ದರೂ ಸಾಲದು.

ಬನ್ನಿಯ ಮರವೂ ಒಂದು ಠೇವಣಿಯ ಸ್ಥಳವೇ. ಹನ್ನೆರಡು ವರುಷಗಳ ವನವಾಸ ಮುಗಿಸಿದ ಪಾಂಡವರು ಅಜ್ಞಾತವಾಸಕ್ಕಾಗಿ ವಿರಾಟನಗರವನ್ನು ಹೊಗುವ ಮುನ್ನ, ತಮ್ಮ ಸಮಸ್ತ ಆಯುಧಗಳನ್ನು ಶ್ಮಶಾನದ ಬಳಿಯಿದ್ದ ಶಮೀವೃಕ್ಷದಲ್ಲಿ ಇಟ್ಟುಹೋದರು. ಯಾರೂ ಅತ್ತ ಸುಳಿಯದಿರಲೆಂದು ಅದರ ಜೊತೆಗೆ ಒಂದು ಶವವನ್ನೂ ಕಟ್ಟಿದರು. ವರುಷ ತುಂಬುವ ಹೊತ್ತಿಗೆ ಕೌರವರು ವಿರಾಟನ ಗೋವುಗಳನ್ನು ತುರುಗೊಂಡರು. ಅರಮನೆಯ ಹೆಂಗಳೆಯರ ಮುಂದೆ ಪೌರುಷವನ್ನು ಕೊಚ್ಚಿಕೊಂಡು ಹೊರಟ ಉತ್ತರಕುಮಾರನು ಕುರುಸೇನೆಯನ್ನು ಕಂಡೊಡನೆ ರಥದಿಂದಿಳಿದು ಓಡಿದ ಕಥೆ ನಮ್ಮ ಮಕ್ಕಳಿಗೂ ತಿಳಿದಿದೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಹುಟ್ಟಿಕೊಂಡಿತು. ಆದರೆ ಅದರ ಮುಂದಿನ ಪ್ರಸಂಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನನು ಅವನನ್ನು ಹಿಡಿದು ತಂದು, ಈ ಮರವನ್ನು ಹತ್ತಿ ಮೇಲಿರುವ ಬಿಲ್ಲನ್ನು ಇಳಿಸು ಎಂದನು. ಉತ್ತರನು ಹಿಂಜರಿದನು. ಈ ಮರದಲ್ಲಿ ಹೆಣವಿದೆಯೆಂದು ಕೇಳಿದ್ದೇನೆ, ರಾಜಪುತ್ರನಾದ ನಾನು ಅದನ್ನು ಮುಟ್ಟಿ ಮೈಲಿಗೆಯಾಗಲೇ ಎಂಬುದು ಅವನ ಶಂಕೆ. ಅಲ್ಲಿರುವುದು ಬಿಲ್ಲುಗಳು, ಹೆಣವಲ್ಲ, ಅಂಜಬೇಡವೆಂದು ಅರ್ಜುನನು ಧೈರ್ಯ ಹೇಳಿದ ಮೇಲೆ ಅವನು ಹತ್ತಿದನು. ಕಟ್ಟು ಬಿಚ್ಚಿದಾಗ ಕಂಡದ್ದು ಗಾಂಡೀವ.

ಮೈಲಿಗೆಯೆಂದು ಕೈ ಹಿಂತೆಗೆದ ಕಡೆಯಲ್ಲಿಯೇ ಅವನ ನಾಡನ್ನು ಉಳಿಸಬೇಕಾದ ಆಯುಧವಿತ್ತು. ಈ ಪ್ರಸಂಗವನ್ನು ನಾನು ಬಾಲ್ಯದಿಂದ ಹಲವು ಬಾರಿ ಕೇಳಿದ್ದೆ. ಅದರಲ್ಲಿ ಉತ್ತರಕುಮಾರನು ನಾನೇ ಎಂಬುದು ತಿಳಿದದ್ದು ಶಿರೂರಿನಲ್ಲಿ.

ಶಿರೂರು ಪುಣೆಯಿಂದ ಅಹಿಲ್ಯಾನಗರಕ್ಕೆ, ಎಂದರೆ ಹಿಂದಿನ ಅಹಮದನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರಿನ ಮೇಲೆ ಘೋಡನದಿಯ ದಂಡೆಯಲ್ಲಿರುವ ತಾಲೂಕಿನ ಊರು. ಅಷ್ಟವಿನಾಯಕರಲ್ಲಿ ಒಬ್ಬನಾದ ರಾಂಜಣಗಾಂವದ ಮಹಾಗಣಪತಿಯ ದರ್ಶನಕ್ಕೆ ಹೋದವರೆಲ್ಲರಿಗೂ ಆ ದಾರಿ ಪರಿಚಿತ. ಅಲ್ಲಿ ಈಗ ದೊಡ್ಡ ಕೈಗಾರಿಕಾ ವಸಾಹತು ಇದೆ. ಕಟ್ಟಡ, ರಸ್ತೆ, ಕಾರಖಾನೆಗಳ ಕೂಲಿಗಾಗಿ ನಮ್ಮ ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ಬಂದ ಸಂಸಾರಗಳು ತಗಡಿನ ಷೆಡ್ಡುಗಳಲ್ಲಿ ಬಾಳುತ್ತಿವೆ. ನಾನು ಕೆಲಸಕ್ಕೆ ಸೇರಿದ ಮೊದಲ ವರುಷಗಳಲ್ಲಿ ಆ ಭಾಗದ ಒಂದು ಶಾಖೆಯಲ್ಲಿದ್ದೆ.

ಆಗ ಹೊಸ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರು ಇವನನ್ನು ನಾನು ಬಲ್ಲೆನೆಂದು ಪರಿಚಯದ ಸಹಿ ಹಾಕಬೇಕಾಗಿತ್ತು. ಒಂದು ದಿನ ಮಧ್ಯವಯಸ್ಸಿನ ಕೂಲಿಕಾರನೊಬ್ಬ ಅರ್ಜಿಯನ್ನು ಹಿಡಿದು ಬಂದ. ನನ್ನ ಮಾತಿನ ಎಳೆತದಿಂದಲೇ ನಾನು ಎಲ್ಲಿಯವನೆಂದು ತಿಳಿದುಕೊಂಡು, ಅವನ ಮುಖ ಅರಳಿತು.

“ಸಾಹೇಬ್ರ, ನೀವು ನಮ್ಮ ಕನ್ನಡದವ್ರೇ ಅದೀರಿ. ಇಲ್ಲಿ ನನಗ್ಯಾರೂ ಗುರ್ತಿನವ್ರಿಲ್ಲ. ನೀವೇ ಒಂದ್ ಸಹಿ ಹಾಕ್ರಿ,” ಎಂದ.

“ಯಾವೂರಪಾ ನಿಂದು?” ಎಂದು ಕೇಳಿದೆ.

“ಅಫಜಲಪೂರ ಕಡೀದ್ರೀ.”

“ಊರಾಗ ಎಲ್ಲಿ ಮನಿ?”

ಈ ಎರಡನೆಯ ಪ್ರಶ್ನೆ ಅರ್ಜಿಯಲ್ಲಿ ಇರಲಿಲ್ಲ. ಅದನ್ನು ನಾನೇಕೆ ಕೇಳಿದೆನೆಂಬುದು ಅವನಿಗೂ ತಿಳಿಯಿತು. ಅರಳಿದ್ದ ಮುಖ ಬಾಡಿತು. “ಊರಾಗಲ್ರೀ. ಊರ ಹೊರಗ, ಕೇರ್ಯಾಗ,” ಎಂದು ಮೆಲ್ಲನೆ ಹೇಳಿದ. ನಾನು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿ, ಶಾಖೆಯ ನೌಕರರು ಪರಿಚಯದ ಸಹಿ ಮಾಡುವಂತಿಲ್ಲವೆಂದೆ. ಅಂಥ ನಿಯಮವನ್ನು ನಾನು ಕಂಡಿರಲಿಲ್ಲ. ಅದರ ಹಿಂದಿನ ವಾರವೇ ನಮ್ಮ ಕಡೆಯವರೊಬ್ಬರಿಗೆ ಸಹಿ ಹಾಕಿದ್ದೆ. ಅವರನ್ನೂ ನಾನು ಅಂದೇ ಮೊದಲು ಕಂಡದ್ದು.

ಆ ಹೊತ್ತಿಗೆ ಕೆಟಲಿ ಹಿಡಿದು ಒಳಗೆ ಬಂದ ಚಹದಂಗಡಿಯ ಮರಾಠಿ ಗೃಹಸ್ಥ, ವಿಷಯವೇನೆಂದು ಕೇಳಿ ತಿಳಿದು, “ಇವನು ಆರು ತಿಂಗಳಿಂದ ದಿನವೂ ನನ್ನಲ್ಲಿ ಚಹ ಕುಡಿಯುತ್ತಾನೆ, ಒಂದು ದಿನವೂ ಉದ್ರಿ ಉಳಿಸಿಲ್ಲ,” ಎಂದು ಮರಾಠಿಯಲ್ಲಿ ಹೇಳಿ, ಸಹಿ ಹಾಕಿ, ಕೆಟಲಿ ಎತ್ತಿಕೊಂಡು ನಡೆದ. ಅದೇ ವಾರ ಸಂಘದ ಶರಣ ಚಿಂತನಗೋಷ್ಠಿಯಲ್ಲಿ, ಬಂದವರೆಲ್ಲರನ್ನೂ ನಮ್ಮವರೆಂದೇ ಕಾಣಬೇಕೆಂದ ಬಸವಣ್ಣನವರನ್ನು ಕುರಿತು ನಾನು ನಾಲ್ಕು ಮಾತು ಆಡಿದ್ದೆ. ಕೇಳಿದವರು ತಲೆದೂಗಿದ್ದರು. ನನ್ನ ಪೌರುಷವೂ ಒಲೆಯ ಮುಂದಿನದೇ ಆಗಿತ್ತು.

ಆ ವರುಷ ದಸರೆಯ ಮರುದಿನ ಅವನು ಹಣ ಕಟ್ಟಲು ಬಂದ. ಹಣದ ಜೊತೆಗೆ ನಾಲ್ಕಾರು ಎಲೆಗಳನ್ನೂ ತಂದಿದ್ದ. ಎಲ್ಲರೂ ಎಲೆಯನ್ನು ಕೈಗೆ ಕೊಡುತ್ತಾರೆ. ಅವನು ಕೌಂಟರಿನ ಗಾಜಿನ ಕೆಳಗೆ ಎಲೆಗಳನ್ನು ಇಟ್ಟು, ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಬಂಗಾರದಂಗ ಇರೂಣ್ರಿ ಸಾಹೇಬ್ರ,” ಎಂದ. ಆ ಕೈ ಹಿಂದೆ ಸರಿದುದರಲ್ಲಿ ಸಿಟ್ಟಿರಲಿಲ್ಲ. ನನಗೆ ಮುಜುಗರವಾಗದಿರಲೆಂಬ ಎಚ್ಚರವಿತ್ತು. ನಾನು ಎಲೆಗಳನ್ನು ತೆಗೆದುಕೊಂಡೆ. ಮರಳಿ ಕೊಡಲು ನನ್ನ ಬಳಿ ಎಲೆ ಇರಲಿಲ್ಲ, ಮಾತೂ ಹೊರಡಲಿಲ್ಲ.

ಬಂಧುಗಳೇ, ಅನ್ಯಾಯವೆಂದರೆ ಬೆಂಕಿ, ರಕ್ತ, ಆಕ್ರಂದನಗಳೇ ಆಗಬೇಕಿಲ್ಲ. ಅದು ಪೆನ್ನಿನ ಮುಚ್ಚಳದಷ್ಟು ಚಿಕ್ಕದೂ ಆಗಬಹುದು. ಆದರೆ ಇಂಥ ಚಿಕ್ಕವುಗಳೇ ತಲೆಮಾರುಗಳ ಕಾಲ ಕೂಡುತ್ತ ಬಂದು ಒಂದು ದಿನ ದೊಡ್ಡದಾಗಿ ಸಿಡಿಯುತ್ತವೆ. ಶಿರೂರು ತಾಲೂಕಿನಲ್ಲಿಯೇ ಕೋರೆಗಾಂವ ಭೀಮಾ ಇದೆ. 1818ರ ಜನವರಿ 1ರಂದು ಅಲ್ಲಿ ಕಂಪನಿಯ ಸೈನ್ಯಕ್ಕೂ ಪೇಶವೆಯ ಸೈನ್ಯಕ್ಕೂ ಕಾಳಗವಾಯಿತು. ಅಲ್ಲಿನ ಸ್ಮಾರಕಸ್ತಂಭದ ಮೇಲೆ ಮಡಿದ ಮಹಾರ್ ಸಿಪಾಯಿಗಳ ಹೆಸರುಗಳಿವೆ. 1927ರ ಜನವರಿ 1ರಂದು ಡಾ. ಅಂಬೇಡ್ಕರರು ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದ ಮೇಲೆ, ಮನುಷ್ಯರೆಂದೇ ಎಣಿಸಲ್ಪಡದಿದ್ದ ಜನಕ್ಕೆ ಅದು ಸ್ವಾಭಿಮಾನದ ಕ್ಷೇತ್ರವಾಯಿತು. ಆ ಕಾಳಗದ ಇನ್ನೂರನೆಯ ವರುಷದ ದಿನ, 2018ರ ಜನವರಿ 1ರಂದು, ಅಲ್ಲಿ ಸೇರಿದ್ದ ಜನರ ನಡುವೆ ಹಿಂಸೆ ಭುಗಿಲೆದ್ದಿತು. ಒಬ್ಬ ತರುಣ ಪ್ರಾಣ ಕಳೆದುಕೊಂಡ. ವಾಹನಗಳು, ಅಂಗಡಿಗಳು ಸುಟ್ಟವು.

ಅದಕ್ಕೆ ಕೆಲವೇ ದಿನ ಮೊದಲು ಹತ್ತಿರದ ವಢು ಬುದ್ರುಕ ಗ್ರಾಮದಲ್ಲಿ ಒಂದು ಫಲಕದ ವಿಷಯವಾಗಿ ಜಗಳವೆದ್ದಿತ್ತು. ಅಲ್ಲಿ ಸಂಭಾಜಿ ಮಹಾರಾಜರ ಸಮಾಧಿಯಿದೆ, ಗೋವಿಂದ ಗೋಪಾಳ ಎಂಬ ಮಹಾರ್ ಸಮಾಜದ ಮಹನೀಯನ ಸಮಾಧಿಯೂ ಇದೆ. ಮಹಾರಾಜರ ಅಂತ್ಯಕ್ರಿಯೆಯನ್ನು ನೆರವೇರಿಸಿದವನು ಅವನೇ ಎಂದು ಒಂದು ಪರಂಪರೆ ಹೇಳುತ್ತದೆ, ಬೇರೆಯವರೆಂದು ಇನ್ನೊಂದು ಪರಂಪರೆ ಹೇಳುತ್ತದೆ. ಜಗಳ ಫಲಕದ ಮೇಲಿನ ಅಕ್ಷರಗಳದ್ದು. ಆದರೆ ಅದೇ ಜನವರಿಯಲ್ಲಿ ಆ ಊರಿನ ಎರಡೂ ಕಡೆಯವರು ಎದುರುಬದುರು ಕುಳಿತು ಮಾತಾಡಿ ಒಂದು ಒಡಂಬಡಿಕೆಗೆ ಬಂದರು. ಮರುದಿನವೂ ಒಂದೇ ದಾರಿಯಲ್ಲಿ ನಡೆಯಬೇಕಾದವರು ಅವರು. ಊರಿನ ಬಾಳು ಊರಿನವರಿಗೇ ಬೇಕಾಗಿತ್ತು.

ಇಂಥ ಸಮಯದಲ್ಲಿ ನಾವು ದೂರದಲ್ಲಿ ನಿಂತು, ಎಲ್ಲರೂ ಹಳೆಯದನ್ನು ಮರೆತು ಒಂದಾಗಿರಬೇಕೆಂದು ಉಪದೇಶಿಸುವುದುಂಟು. ಕೇಳಲು ಇಂಪಾದ ಮಾತು. ಆದರೆ ಬ್ಯಾಂಕಿನವನ ಕಿವಿಗೆ ಅದು ಬೇರೆಯಾಗಿ ಕೇಳಿಸುತ್ತದೆ. ಸಾಲ ತೆಗೆದುಕೊಂಡವನೇ ಬಂದು, ಹಳೆಯ ಲೆಕ್ಕವನ್ನು ಮರೆತುಬಿಡಿ, ಹೊಸ ಸಾಲ ಕೊಡಿ ಎಂದರೆ ಯಾವ ಮ್ಯಾನೇಜರನು ಒಪ್ಪುತ್ತಾನೆ? ನೊಂದವನನ್ನು ಕುರಿತು ನಮ್ಮನ್ನು ನಂಬು ಎಂದು ಕೇಳುವ ಮೊದಲು ನಮ್ಮ ಕಡೆಯ ಬಾಕಿ ತೀರಬೇಕು. ನಂಬಿಕೆಯ ಖಾತೆಗೆ ಮೊದಲ ಕಂತು ಕಟ್ಟಬೇಕಾದವನು ಇಷ್ಟು ದಿನ ಮೇಲುಗೈಯಲ್ಲಿದ್ದವನು. ಧರ್ಮವು ಈ ವಿಷಯದಲ್ಲಿ ನಮಗೆ ಹೇಳುವುದು ಇಷ್ಟೇ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಹೀಗೆ ಮೊದಲ ಕಂತು ಕಟ್ಟಿದ ಪುಣ್ಯಾತ್ಮರು ನಮ್ಮ ಕನ್ನಡ ನೆಲದಲ್ಲಿ ಆಗಿಹೋಗಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನೆಂಟಸ್ತನ ಕುದುರಿದಾಗ ಆ ಇಬ್ಬರೂ ತೆತ್ತ ಬೆಲೆಯನ್ನು ನಾವೆಲ್ಲ ಬಲ್ಲೆವು. ಅಷ್ಟು ಹಿಂದಿನ ಮಾತು ಬೇಡವೆನ್ನುವವರು ಕುದ್ಮುಲ್ ರಂಗರಾಯರನ್ನು ನೆನೆಯಬಹುದು. 1859ರಲ್ಲಿ ಕಾಸರಗೋಡಿನ ಸೀಮೆಯಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿದ್ದವರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬಂದುಬಿಡುತ್ತಾರೆಯೇ? ಮೇಲಿನವರು ಕರೆದಾಗಲೆಲ್ಲ ಕೆಡುಕನ್ನೇ ಕಂಡಿದ್ದ ತಾಯಿತಂದೆಗಳು ಇದನ್ನು ಹೇಗೆ ನಂಬಬೇಕು? ರಂಗರಾಯರು ಅವರನ್ನು ದೂರಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟವನ್ನಿಟ್ಟರು, ಕೂಲಿ ತಪ್ಪಿದ ನಷ್ಟಕ್ಕೆಂಬಂತೆ ದಿನಕ್ಕೆ ಎರಡು ಪೈಸೆ ಕೊಟ್ಟರು, ನೇಯ್ಗೆಯಂಥ ಕಸುಬನ್ನು ಕಲಿಸಿದರು. ಸ್ವಜನರು ಅವರಿಗೆ ಬಹಿಷ್ಕಾರ ಹಾಕಿದರು. ಅದನ್ನೂ ಆ ಖಾತೆಗೇ ಕಟ್ಟಿದ ಕಂತೆಂದು ಸಹಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗು ಮುಂದೆ ದೊಡ್ಡ ಹುದ್ದೆಗೇರಿ, ಅದರ ಮೋಟಾರು ಹೋಗುವಾಗ ಎದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕವೆಂಬುದು ಅವರ ಬಯಕೆಯಾಗಿತ್ತು. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತಮ್ಮ ಅಂತ್ಯಕ್ರಿಯೆ ಆ ಜನರ ಕೈಯಿಂದಲೇ ಆಗಬೇಕೆಂದು ಬಯಸಿ 1928ರಲ್ಲಿ ದೇಹ ಬಿಟ್ಟರು. ಹೆಣವೆಂದರೆ ಅಂಜಿದ ಉತ್ತರಕುಮಾರನೆಲ್ಲಿ, ತನ್ನ ಹೆಣವನ್ನೇ ಅವರ ಹೆಗಲಿಗೆ ಒಪ್ಪಿಸಿಹೋದ ಈ ಧೀರನೆಲ್ಲಿ!

ಪುಣೆಯವರಾದ ನಮಗೆ ಇನ್ನೂ ಹತ್ತಿರದವರು ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು. ಅವರು ಹುಟ್ಟಿದ್ದು 1873ರಲ್ಲಿ ನಮ್ಮ ಜಮಖಂಡಿಯಲ್ಲಿ, ದೇಹವಿಟ್ಟದ್ದು 1944ರಲ್ಲಿ ಪುಣೆಯಲ್ಲಿ. ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಬಂದು ಪ್ರಾರ್ಥನಾಸಮಾಜದ ಪ್ರಚಾರಕರಾದರು. ಇಂಥ ವಿದ್ಯಾವಂತರು ವೇದಿಕೆಯ ಮೇಲೆ ಸುಖವಾಗಿ ಬಾಳಬಹುದಾಗಿತ್ತು. ಅವರು 1906ರಲ್ಲಿ ಮುಂಬಯಿಯಲ್ಲಿ ದಲಿತರ ಏಳಿಗೆಗಾಗಿ ಮಿಷನ್ ಕಟ್ಟಿದರು. ಅದರ ಅಧ್ಯಕ್ಷರಾದ ಸರ್ ನಾರಾಯಣ ಚಂದಾವರಕರರು ನಮ್ಮ ಹೊನ್ನಾವರದಲ್ಲಿ ಹುಟ್ಟಿದವರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಶಿಂದೆಯವರ ತಂಗಿ ಜನಾಬಾಯಿಯವರೂ ಈ ಸೇವೆಗೆ ತಮ್ಮನ್ನು ತೆತ್ತುಕೊಂಡರು. ಪುಣೆಯ ನಾನಾ ಪೇಟೆಯ ಅಹಿಲ್ಯಾಶ್ರಮ ಅವರ ದುಡಿಮೆಯ ಕುರುಹು. ಕಟ್ಟಿ ಬೆಳೆಸಿದ ಸಂಸ್ಥೆಯ ಆಡಳಿತವನ್ನು ಕಡೆಗೆ ಆ ಸಮಾಜದವರಿಗೇ ವಹಿಸಿಕೊಟ್ಟು ಹಿಂದೆ ಸರಿದರು. ಕೊಡುವುದು ಕಷ್ಟ. ಕೊಟ್ಟದ್ದರ ಮೇಲಿನ ಯಜಮಾನಿಕೆಯನ್ನು ಬಿಡುವುದು ಅದಕ್ಕಿಂತ ಕಷ್ಟ.

ಆದರೆ ಮೇಲಿನವರ ಕರುಣೆಯೊಂದರಿಂದಲೇ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ಡಾ. ಅಂಬೇಡ್ಕರರು 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದ್ದು ಯಾರ ಅನುಗ್ರಹವನ್ನೂ ಬೇಡಿ ಅಲ್ಲ. ಅದು ಹಕ್ಕು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1956ರ ಅಕ್ಟೋಬರ್ 14ರಂದು ಅವರು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅಂದು ವಿಜಯದಶಮಿ. ನಾವು ಬನ್ನಿ ಕೊಟ್ಟು ಬಂಗಾರವೆನ್ನುವ ಅದೇ ದಿನ, ನಮ್ಮ ಮಾತಿನಲ್ಲಿ ಇನ್ನು ನಂಬಿಕೆಯಿಲ್ಲವೆಂದು ಅಷ್ಟು ಜನ ತಮ್ಮ ಖಾತೆಯನ್ನು ನಮ್ಮಿಂದ ತೆಗೆದುಕೊಂಡು ಹೋದರು. ಅವರನ್ನು ದೂರುವ ಮೊದಲು ನಮ್ಮ ಲೆಡ್ಜರನ್ನು ನಾವು ತೆರೆದು ನೋಡಿಕೊಳ್ಳಬೇಡವೆ? ದಸರೆ ಬಂದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ಆ ಕೂಲಿಕಾರನ ವಿಷಯಕ್ಕೆ ಮರಳುತ್ತೇನೆ. ಕೆಲವು ವರುಷಗಳ ನಂತರ ವರ್ಗವಾಗಿ ಹೋಗಿದ್ದ ನಾನು ಮತ್ತೆ ಶಿರೂರಿನ ಕಡೆಗೇ ಬಂದೆ. ಒಂದು ದಿನ ಅವನು ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಕಾಲೇಜು ಸೇರಿದ್ದಳು, ವಿದ್ಯಾರ್ಥಿವೇತನಕ್ಕೆ ಖಾತೆ ಬೇಕಾಗಿತ್ತು. ನಾನು ಅವನನ್ನು ಗುರುತಿಸಿ, ಪರಿಚಯದ ಸಹಿಯನ್ನು ನಾನೇ ಹಾಕುತ್ತೇನೆಂದು ಪೆನ್ನು ತೆಗೆದೆ. ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ ನಕ್ಕು, ಈಗ ಆ ಸಹಿ ಬೇಕಿಲ್ಲ ಸರ್, ಆಧಾರ್ ಸಾಕು ಎಂದ. ನನಗೂ ಗೊತ್ತಿದ್ದ ನಿಯಮವೇ. ಅವಸರದಲ್ಲಿ ಮರೆತಿದ್ದೆ. ಅಂದು ನಾನು ಹಾಕದ ಸಹಿಯನ್ನು ಹಾಕುವ ಅವಕಾಶ ಮತ್ತೆ ಬರಲಿಲ್ಲ.

ಆ ವರುಷದ ವಿಜಯದಶಮಿಯ ಸಂಜೆ ನಾನೂ ನನ್ನ ಹೆಂಡತಿಯೂ ಬನ್ನಿಯ ಎಲೆ ಹಿಡಿದು ಅವರ ಮನೆಗೆ ಹೋದೆವು. ಒಂದೇ ಕೋಣೆ, ಮೂಲೆಯಲ್ಲಿ ಘಟಸ್ಥಾಪನೆಯ ಸಸಿ ಬೆಳೆದಿತ್ತು, ಗೋಡೆಯ ಮೇಲೆ ಬಾಬಾಸಾಹೇಬರ ಪಟ. ನಾನು ಎಲೆಯನ್ನು ಅವನ ಕೈಯಲ್ಲಿಟ್ಟು, “ಅವತ್ತ ನಾ ಸಹಿ ಹಾಕಬೇಕಾಗಿತ್ತು. ಹಾಕಲಿಲ್ಲ. ನಿಯಮದ ಮಾತು ಸುಳ್ಳಾಗಿತ್ತು. ತಪ್ಪಾತು,” ಎಂದೆ.

ಅವನು ಸ್ವಲ್ಪ ಹೊತ್ತು ಎಲೆಯನ್ನೇ ನೋಡುತ್ತಿದ್ದ. “ನನಗ ನೆನಪೈತ್ರೀ,” ಎಂದ. ಇರಲಿ ಬಿಡ್ರಿ ಎನ್ನಲಿಲ್ಲ. ಆಮೇಲೆ, “ಕೂಡ್ರಿ,” ಎಂದು ಚಾಪೆ ಹಾಸಿ, ಇನ್ನೂ ಸ್ವಲ್ಪ ಹೊತ್ತು ಬಿಟ್ಟು, “ಚಾ ಕುಡೀತೀರೇನ್ರೀ?” ಎಂದು ಕೇಳಿದ. ಬೇರೆ ಯಾವ ಮನೆಯಲ್ಲಿಯೂ ನಮ್ಮನ್ನು ಹಾಗೆ ಕೇಳುವುದಿಲ್ಲ, ಚಹ ತಂದಿಡುತ್ತಾರೆ. ಕುಡೀತೀವಿ ಎಂದಳು ನನ್ನ ಹೆಂಡತಿ. ಹುಡುಗಿ ತಂದುಕೊಟ್ಟಳು, ಕುಡಿದೆವು. ಅವನ ತಾಯಿಯ ಕಣ್ಣಿನ ಪೊರೆಯ ವಿಷಯ, ಊರಿನ ತೊಗರಿಯ ವಿಷಯ ಮಾತಾಡಿ ಬಂದೆವು. ಹೊರಡುವಾಗ ಅವನು ಎಲೆ ಕೊಟ್ಟ. ಈ ಸಲ ಕೈಗೆ ಕೊಟ್ಟ.

ಅದರಿಂದ ನನ್ನ ಬಾಕಿ ತೀರಿತೆಂದು ನಾನು ತಿಳಿದಿಲ್ಲ. ಒಂದು ಕಂತು ಕಟ್ಟಿದಂತಾಯಿತು. ಉಳಿದುದಕ್ಕೆ ವರುಷಗಳೇ ಬೇಕು. ನೆನಪಿದೆ ಎಂದ ಅವನ ಮಾತು ನನಗೆ ದೇವರ ಮುಂದಿನ ಗಂಟೆಯ ಹಾಗೆ ಈಗಲೂ ಕೇಳಿಸುತ್ತದೆ. ಅವನು ಮರೆತಿದ್ದರೆ ನಾನೂ ಸುಲಭವಾಗಿ ಮರೆತುಬಿಡುತ್ತಿದ್ದೆ.

ರಘುಮಹಾರಾಜನ ಕಥೆಯಲ್ಲಿ ಕೌತ್ಸನಿಗಾಗಿ ಕುಬೇರನು ಹೊನ್ನಿನ ಮಳೆ ಸುರಿಸಿದನಂತೆ. ಕೌತ್ಸನು ತನಗೆ ಬೇಕಾದಷ್ಟನ್ನೇ ತೆಗೆದುಕೊಂಡನು. ಮಿಕ್ಕುದು ಬನ್ನಿಯ ಮರದಡಿಯಲ್ಲಿ ಸಕಲ ಪ್ರಜೆಗಳಿಗೂ ಹಂಚಿಹೋಯಿತೆಂದು ಜನ ಹೇಳುತ್ತಾರೆ. ಸಕಲರಿಗೂ ಎಂಬ ಮಾತನ್ನು ಗಮನಿಸಬೇಕು. ಊರ ಒಳಗಿನವರಿಗೆ ಮಾತ್ರ ಎಂದು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ. ಎಲೆಗೆ ಬಂಗಾರದ ಬೆಲೆ ಬರುವುದು ಕೊಡುವವನ ಮಾತಿನ ಬಲದಿಂದ. ನೋಟಿನ ಮೇಲೆ ಒಂದು ವಾಗ್ದಾನವಿರುವಂತೆ ಎಲೆಯ ಹಿಂದೆಯೂ ಒಂದು ವಾಗ್ದಾನವಿದೆ. ಅದನ್ನು ನಡೆಸದಿದ್ದರೆ ಎಲೆ ಎಲೆಯಾಗಿಯೇ ಒಣಗುತ್ತದೆ.

ಆದುದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಯಪೂರ್ವಕ ಅರಿಕೆ. ಈ ಸಲ ಸಭಾಂಗಣದಲ್ಲಿ ಸರೀಕರು ಸರೀಕರಿಗೆ ಬನ್ನಿ ಹಂಚಿಕೊಂಡು ಮನೆಗೆ ಹೋಗದಿರೋಣ. ಶಿರೂರು, ರಾಂಜಣಗಾಂವಗಳ ಷೆಡ್ಡುಗಳಲ್ಲಿ, ನಮ್ಮ ಕಣ್ಣೆದುರೇ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಕನ್ನಡ ಮಾತಾಡುವ ಸಂಸಾರಗಳಿವೆ. ಅವರು ಬಂದು ನಮ್ಮ ಕಾಲಿಗೆ ಬೀಳಲೆಂದು ಕಾಯದೆ, ನಾವೇ ಎಲೆ ಹಿಡಿದು ಅವರ ಬಾಗಿಲಿಗೆ ಹೋಗೋಣ. ಊರಾವುದೆಂದು ಕೇಳೋಣ. ಎರಡನೆಯ ಪ್ರಶ್ನೆ ಬೇಡ. ಮಕ್ಕಳ ಶಾಲೆಗೆ, ಪಡಿತರದ ಚೀಟಿಗೆ, ಬ್ಯಾಂಕಿನ ಕಾಗದಕ್ಕೆ ಏನು ಅಡ್ಡಿಯಾಗಿದೆಯೆಂದು ವಿಚಾರಿಸಿ, ಆ ಅಡ್ಡಿಯನ್ನು ತೆಗೆಯುವವರೆಗೆ ಬೆನ್ನುಹತ್ತೋಣ. ಚಹ ಕೊಟ್ಟರೆ ಕುಡಿಯೋಣ. ಹಳೆಯ ನೋವನ್ನು ಹೇಳಿಕೊಂಡರೆ, ಅದೆಲ್ಲ ಈಗೆಲ್ಲಿದೆ ಎಂದು ಬಾಯಿ ಮುಚ್ಚಿಸದೆ ಕೊನೆಯವರೆಗೆ ಕೇಳೋಣ.

ಬನ್ನಿಯ ಮರದ ಮೇಲೆ ಹೆಣವಿಲ್ಲ, ಬಿಲ್ಲಿದೆ. ಅಂಜಿಕೆಯನ್ನು ಬಿಟ್ಟು ಕೈಚಾಚುವ ಧೈರ್ಯವನ್ನು ತಾಯಿ ಚಾಮುಂಡೇಶ್ವರಿಯು ನಮಗೆಲ್ಲರಿಗೂ ದಯಪಾಲಿಸಲಿ. ಎಲ್ಲರೂ ಬಂಗಾರದ ಹಾಗೆ ಇರೋಣ.